ತವರಿಗೆ ಮರಳಿದ ಮಗಳು: ಸಿಮ್ಯುಲೇಟರ್ ಮತ್ತು ವರ್ಚುವಲೈಸೇಷನ್ ಕಥೆ

ಭಾಗ 1: ಆ ಎರರ್ ಮೆಸೇಜ್

ಆಂಡ್ರಾಯ್ಡ್ ಸ್ಟುಡಿಯೋ ಹಾಕಿಕೊಂಡ ಮೊದಲ ದಿನ ನಮ್ಮ ಕ್ಲಾಸಲ್ಲಿ ಅರ್ಧ ಜನ ಒಂದೇ ಎರರ್ ನೋಡಿದ್ವಿ, ನೆನಪಿದೆಯಾ? ಎಮ್ಯುಲೇಟರ್ ಓಪನ್ ಮಾಡಿದ ಕೂಡಲೇ "ಬಯೋಸ್‌ನಲ್ಲಿ ವಿಟಿ-ಎಕ್ಸ್ ಆಫ್ ಆಗಿದೆ" ಅಂತ ಬಂದಿತ್ತು. ಯೂಟ್ಯೂಬ್ ನೋಡಿ, ರೀಸ್ಟಾರ್ಟ್ ಮಾಡಿ, ಎಫ್2 ಒತ್ತಿ, ಎಲ್ಲೋ ಮೂಲೆಯಲ್ಲಿದ್ದ ಒಂದು ಆಪ್ಷನ್ ಆನ್ ಮಾಡಿ ಸೇವ್ ಮಾಡಿದ್ವಿ. ಎಮ್ಯುಲೇಟರ್ ಓಡ್ತು. ಆಮೇಲೆ ಅದರ ಬಗ್ಗೆ ಯಾರೂ ಯೋಚನೆ ಮಾಡಲಿಲ್ಲ.

ನಾನೂ ಮಾಡಿರಲಿಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ತಲೆ ಮೇಲೆ ಬಿದ್ದ ಮೇಲೆ ಅದೇ ಆಪ್ಷನ್ ಮತ್ತೆ ಎದುರಿಗೆ ಬಂತು. ನಮ್ಮ ಟೀಮಿನ ಕೆಲಸ, ಪ್ರೊಸೆಸರಿನ ಕ್ಯಾಶ್‌ನಲ್ಲಿ ಯಾವ ಡೇಟಾ ಇಟ್ಕೋಬೇಕು, ಯಾವುದನ್ನು ಹೊರಗೆ ಹಾಕಬೇಕು ಅನ್ನೋದಕ್ಕೆ ಒಂದು ಹೊಸ ಪಾಲಿಸಿ ಬರೆದು ಅಳೆಯೋದು. ಚಿಪ್ ಮಾಡಿಸಿ ಅಳೆಯೋಕೆ ನಮ್ಮ ಹತ್ರ ದುಡ್ಡಿಲ್ಲ, ಯಾರ ಹತ್ರಾನೂ ಇರಲ್ಲ. ಅದಕ್ಕೇ ಸಿಮ್ಯುಲೇಟರ್. ಶುಕ್ರವಾರ ಸಂಜೆ ರನ್ ಹಾಕಿ ಹೋದ್ವಿ. ಭಾನುವಾರ ಕರೆಂಟ್ ಹೋಯ್ತು, ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯ್ತು. ಸೋಮವಾರ ಲಾಗ್ ನೋಡಿದ್ರೆ, ನಾವು ಅಳೀಬೇಕು ಅಂತಿದ್ದ ಪ್ರೋಗ್ರಾಮ್ ಇನ್ನೂ ಶುರುವೇ ಆಗಿರಲಿಲ್ಲ. ಎರಡು ದಿನ ಪೂರ್ತಿ ಸಿಮ್ಯುಲೇಟರ್ ಒಳಗಿನ ಲಿನಕ್ಸ್ ಬೂಟ್ ಆಗ್ತಾ ಇತ್ತು.

ಅವತ್ತಿಂದ ಓದೋಕೆ ಶುರು ಮಾಡಿದೆ. ಓದಿದ್ದನ್ನು ಎಂಟು ಪೋಸ್ಟಲ್ಲಿ ಹಾಕ್ತಿದ್ದೀನಿ.

ಭಾಗ 2: ಒಂದು ಕೋಟಿ ಸೆಕೆಂಡ್

ಮೊದಲು ಒಂದು ಲೆಕ್ಕ. ಪೆನ್ನು ಬೇಡ, ಸೊನ್ನೆ ಎಣಿಸಿದ್ರೆ ಸಾಕು.

ಒಂದು ದೊಡ್ಡ ಪ್ರೋಗ್ರಾಮ್ ಒಟ್ಟು 1 ಲಕ್ಷ ಕೋಟಿ ಇನ್‌ಸ್ಟ್ರಕ್ಷನ್ ಓಡಿಸುತ್ತೆ ಅಂದ್ಕೊಳ್ಳಿ. ಇವತ್ತಿನ ಲೆಕ್ಕದಲ್ಲಿ ಇದೇನೂ ಅತಿ ಅಲ್ಲ. ಸೆಕೆಂಡಿಗೆ 200 ಕೋಟಿ ಇನ್‌ಸ್ಟ್ರಕ್ಷನ್ ಓಡಿಸೋ ಲ್ಯಾಪ್‌ಟಾಪಲ್ಲಿ ಅದು 500 ಸೆಕೆಂಡಲ್ಲಿ, ಅಂದ್ರೆ ಎಂಟೂಕಾಲು ನಿಮಿಷಕ್ಕೆ, ಮುಗಿಯುತ್ತೆ. ಟೀ ಕುಡಿದು ಬರೋಷ್ಟರಲ್ಲಿ.

ಈಗ ಅದನ್ನೇ ವಿವರವಾಗಿ ಸಿಮ್ಯುಲೇಟ್ ಮಾಡಿ. ವಿವರವಾಗಿ ಅಂದ್ರೆ, ಪ್ರತಿ ಕ್ಲಾಕ್ ಸೈಕಲ್ಲಲ್ಲೂ ಯಾವ ಇನ್‌ಸ್ಟ್ರಕ್ಷನ್ ಎಲ್ಲಿ ಕಾಯ್ತಾ ಇದೆ, ಕ್ಯಾಶ್‌ನಲ್ಲಿ ಏನಿದೆ, ಬ್ರಾಂಚ್ ಯಾವ ಕಡೆ ಹೋಗುತ್ತೆ ಅಂತ ಊಹೆ ಮಾಡಿದ್ದು ಸರಿಯಾಯ್ತಾ, ಇಷ್ಟನ್ನೂ ಸಾಫ್ಟ್‌ವೇರ್ ಒಂದೊಂದಾಗಿ ಲೆಕ್ಕ ಹಾಕಬೇಕು. ಇಂಥ ಸಿಮ್ಯುಲೇಟರಿನ ವೇಗ ಸೆಕೆಂಡಿಗೆ ಸುಮಾರು 1 ಲಕ್ಷ ಇನ್‌ಸ್ಟ್ರಕ್ಷನ್. 1 ಲಕ್ಷ ಕೋಟಿಯನ್ನು 1 ಲಕ್ಷದಿಂದ ಭಾಗಿಸಿ. 1 ಕೋಟಿ ಸೆಕೆಂಡ್. 116 ದಿನ!

ಒಂದು ರನ್ನಿಗೆ 116 ದಿನ. ಪಾಲಿಸಿಯಲ್ಲಿ ಒಂದು ನಂಬರ್ ಬದಲಿಸಿದ್ರೆ ಮತ್ತೆ 116. ನಮ್ಮ ಸೆಮಿಸ್ಟರೇ ಅಷ್ಟಿಲ್ಲ.

ಇದು ಬರೀ ಬೇಜಾರಿನ ವಿಷಯ ಅಲ್ಲ. ಚಿಪ್ ಬರೋಕೆ ಮುಂಚೆಯೇ ಅದಕ್ಕೆ ಆಪರೇಟಿಂಗ್ ಸಿಸ್ಟಂ, ಕಂಪೈಲರ್, ಡ್ರೈವರ್ ಎಲ್ಲ ಸಿದ್ಧವಾಗಬೇಕು. ಎಎಂಡಿಯ ಮೊದಲ 64 ಬಿಟ್ ಆಪ್ಟೆರಾನ್ ಚಿಪ್ ಮಾರುಕಟ್ಟೆಗೆ ಬಂದಿದ್ದು 2003ರ ಏಪ್ರಿಲಲ್ಲಿ. ಅದಕ್ಕೆ ಲಿನಕ್ಸ್ ಹೊಂದಿಸೋ ಕೆಲಸ ಅದಕ್ಕೂ ಎರಡು ಮೂರು ವರ್ಷ ಮುಂಚೆಯೇ ಸಿಮ್ಯುಲೇಟರ್ ಮೇಲೆ ಶುರುವಾಗಿತ್ತು. ಯಾರ ಕೈಯಲ್ಲೂ ಇಲ್ಲದ ಚಿಪ್‌ಗೆ ಆಪರೇಟಿಂಗ್ ಸಿಸ್ಟಂ ಬರೆದ್ರು. ಹಾಗಿದ್ದಾಗ ಸಿಮ್ಯುಲೇಟರ್ ನಿಧಾನ ಅಂದ್ರೆ ಇಡೀ ಉದ್ಯಮ ಕಾಯಬೇಕು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಕಾಯೋಕೆ ಆಗದವರು ಪುಟ್ಟ ಪುಟ್ಟ ಪ್ರೋಗ್ರಾಮ್ ಮಾತ್ರ ಓಡಿಸಿ, ಅದರ ಮೇಲೇ ತೀರ್ಮಾನ ಬರೆದುಬಿಡ್ತಾರೆ.

ಭಾಗ 3: ಬಾಡಿಗೆ ಮನೆ

ಈಗ 1960ರ ದಶಕಕ್ಕೆ ಹೋಗೋಣ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜಲ್ಲಿ ಐಬಿಎಂನ ಒಂದು ಪುಟ್ಟ ಸಂಶೋಧನಾ ಕೇಂದ್ರ. ಅಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೊಮೊ ಮತ್ತು ಜೊತೆಗಾರರು ಸಿಪಿ-40 ಅನ್ನೋ ಸಿಸ್ಟಂ ಕಟ್ಟಿದ್ರು. 1967ರ ಹೊತ್ತಿಗೆ ಅದು ಬಳಕೆಗೆ ಬಂತು. ಒಂದೇ ಯಂತ್ರದ ಒಳಗೆ 14 ನಕಲಿ ಯಂತ್ರ. ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಕಂಪ್ಯೂಟರ್ ತನ್ನೊಬ್ಬನದೇ ಅನ್ನಿಸೋ ಹಾಗೆ.

ಇದನ್ನು ಅವರು ಪೂರ್ತಿ ಸಿಮ್ಯುಲೇಟ್ ಮಾಡಿ ಸಾಧಿಸಲಿಲ್ಲ. ಬಾಡಿಗೆ ಮನೆ ನೆನೆಸ್ಕೊಳ್ಳಿ. ಅಡುಗೆ, ಸ್ನಾನ, ನಿದ್ದೆ ಎಲ್ಲ ನಿಮ್ಮಷ್ಟಕ್ಕೆ ನೀವೇ, ಓನರನ್ನು ಕೇಳಬೇಕಿಲ್ಲ. ಗೋಡೆಗೆ ಮೊಳೆ ಹೊಡೆಯೋಕೆ ಹೋದ್ರೆ ಮಾತ್ರ ಓನರ್ ಕೆಳಗಿಂದ ಓಡಿಬರ್ತಾರೆ. ಅದೇ ಲೆಕ್ಕ. ಕೂಡು, ಕಳೆ, ಮೆಮೊರಿಯಿಂದ ಓದು ಅನ್ನೋ ಸಾಮಾನ್ಯ ಇನ್‌ಸ್ಟ್ರಕ್ಷನ್ನುಗಳೆಲ್ಲ ನೇರವಾಗಿ ಅಸಲಿ ಪ್ರೊಸೆಸರ್ ಮೇಲೇ ಓಡುತ್ತವೆ. ಯಂತ್ರದ ಸ್ಥಿತಿಯನ್ನೇ ಮುಟ್ಟೋ ಇನ್‌ಸ್ಟ್ರಕ್ಷನ್ ಬಂದಾಗ ಹಾರ್ಡ್‌ವೇರ್ ಅದನ್ನು ತಡೆದು ಮೇಲ್ವಿಚಾರಕ ಸಾಫ್ಟ್‌ವೇರಿಗೆ ಒಪ್ಪಿಸುತ್ತೆ. ಆ ಸಾಫ್ಟ್‌ವೇರ್ ಅದೊಂದನ್ನು ಮಾತ್ರ ನಟಿಸಿ ತೋರಿಸಿ, ಮುಂದೆ ಹೋಗು ಅನ್ನುತ್ತೆ.

ಇಲ್ಲೇ ಒಂದು ಮಜಾ ಇದೆ. ಮುಂದಿನ ತಲೆಮಾರಿನ ಸಿಸ್ಟಂ/370 ಯಂತ್ರ ಇನ್ನೂ ಕೈಗೆ ಬಂದಿರಲಿಲ್ಲ. ಸಿಪಿ-40ರ ನಂತರದ ಸಿಪಿ-67 ಅನ್ನು ಅದೇ ಕೇಂದ್ರದವರು ತಿದ್ದಿ, ಹಳೇ ಯಂತ್ರದ ಮೇಲೆ ಹೊಸ 370 ಯಂತ್ರದ ನಕಲು ಓಡೋ ಹಾಗೆ ಮಾಡಿದ್ರು. ಎರಡಕ್ಕೂ ಸಾಮಾನ್ಯವಾದ ಇನ್‌ಸ್ಟ್ರಕ್ಷನ್ ನೇರ, ಹೊಸದು ಬಂದಾಗ ಮಾತ್ರ ನಟನೆ. ಅದರ ಮೇಲೆ ಸಾಫ್ಟ್‌ವೇರ್ ಪರೀಕ್ಷೆ ಮಾಡಿದ್ರು. ಅಂದ್ರೆ ವರ್ಚುವಲೈಸೇಷನ್ ಬಳಸಿ ಸಿಮ್ಯುಲೇಷನ್ ವೇಗ ಹೆಚ್ಚಿಸೋದು ಮೊನ್ನೆ ಮೊನ್ನೆಯ ಐಡಿಯಾ ಅಲ್ಲ, ನಮ್ಮ ಅಪ್ಪಂದಿರು ಸ್ಕೂಲಿಗೆ ಹೋಗೋಕೆ ಮುಂಚಿನದು.

1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಇದನ್ನು ಗಣಿತದ ಭಾಷೆಯಲ್ಲಿ ಬರೆದ್ರು. ಬಹುಪಾಲು ಇನ್‌ಸ್ಟ್ರಕ್ಷನ್ ಸಾಫ್ಟ್‌ವೇರಿನ ಮಧ್ಯಪ್ರವೇಶ ಇಲ್ಲದೆ ನೇರವಾಗಿ ಹಾರ್ಡ್‌ವೇರ್ ಮೇಲೆ ಓಡಿದ್ರೆ ಮಾತ್ರ ಅದು ವರ್ಚುವಲ್ ಮಷೀನ್. ಇಲ್ಲದಿದ್ರೆ ಅದು ಸಿಮ್ಯುಲೇಟರ್. ಗೆರೆ ಸ್ಪಷ್ಟವಾಗಿ ಎಳೆದ್ರು. ಮುಂದಿನ ಕಥೆಯೆಲ್ಲ ಆ ಗೆರೆಯ ಮೇಲೆ ಓಡಾಡಿದವರದ್ದೇ.

ಭಾಗ 4: ಸ್ಟ್ಯಾನ್‌ಫರ್ಡ್‌ನ ತವರುಮನೆ

1990ರ ದಶಕ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಫ್ಲ್ಯಾಶ್ ಅನ್ನೋ ದೊಡ್ಡ ಮಲ್ಟಿಪ್ರೊಸೆಸರ್ ಯಂತ್ರ ಕಟ್ಟೋ ಯೋಜನೆ ನಡೀತಿತ್ತು. ಯಂತ್ರ ಸಿದ್ಧವಾಗಿಲ್ಲ, ಆದ್ರೆ ಅದರ ಆಪರೇಟಿಂಗ್ ಸಿಸ್ಟಂ ಬಗ್ಗೆ ಸಂಶೋಧನೆ ಈಗಲೇ ಆಗಬೇಕು. ಮೆಂಡೆಲ್ ರೋಸೆನ್‌ಬ್ಲಮ್ ಅವರ ಗುಂಪು ಸಿಮ್‌ಓಎಸ್ ಅನ್ನೋ ಸಿಮ್ಯುಲೇಟರ್ ಬರೀತು. ಒಂದೇ ಪ್ರೋಗ್ರಾಮ್ ಅಲ್ಲ, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಸಮೇತ ಇಡೀ ಕಂಪ್ಯೂಟರ್, ಅದರ ಮೇಲೆ ಇಡೀ ಆಪರೇಟಿಂಗ್ ಸಿಸ್ಟಂ.

ಸಿಮ್‌ಓಎಸ್‌ನಲ್ಲಿ ನನಗೆ ಅತಿ ಇಷ್ಟವಾದದ್ದು ಅದರ ಗೇರ್‌ಗಳು. ಒಂದು ಗೇರ್‌ನಲ್ಲಿ ಎಲ್ಲವನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕುತ್ತೆ, ಆಮೆ ನಡಿಗೆ. ಇನ್ನೊಂದರಲ್ಲಿ ಇನ್‌ಸ್ಟ್ರಕ್ಷನ್ನುಗಳನ್ನು ಮೊದಲೇ ಅನುವಾದ ಮಾಡಿಟ್ಟು ಓಡಿಸುತ್ತೆ. ಅದಕ್ಕೆ ಎಂಬ್ರಾ ಅಂತ ಹೆಸರು. ಶುರುವಿನ ದಿನಗಳಲ್ಲಿ ಮೂರನೆಯದೂ ಒಂದಿತ್ತು: ಸಿಮ್ಯುಲೇಟ್ ಆಗ್ತಿರೋ ಪ್ರೊಸೆಸರ್, ಓಡಿಸ್ತಿರೋ ಪ್ರೊಸೆಸರ್ ಎರಡೂ ಒಂದೇ ಜಾತಿಯವು ಆಗಿದ್ರಿಂದ ಕೋಡನ್ನು ನೇರವಾಗಿ ಅಸಲಿ ಪ್ರೊಸೆಸರ್ ಮೇಲೆ ಬಿಡೋದು. ಬೂಟ್ ಆಗೋವರೆಗೆ ವೇಗದ ಗೇರ್, ಅಳೀಬೇಕಾದ ಜಾಗ ಬಂದ ಕೂಡಲೇ ನಿಧಾನದ ಗೇರ್. ನಮಗೆ ಆ ಶುಕ್ರವಾರ ಗೊತ್ತಿಲ್ಲದೇ ಇದ್ದಿದ್ದು ಇದೇ.

ಆಮೇಲೆ ಅದೇ ಗುಂಪಿಗೆ ಇನ್ನೊಂದು ಯೋಚನೆ ಬಂತು. ಫ್ಲ್ಯಾಶ್‌ನಂಥ ದೊಡ್ಡ ಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಬರೆಯೋ ಬದಲು, ಐಬಿಎಂನ ಹಳೇ ಉಪಾಯ ಹಿಡಿದು, ಸಣ್ಣ ಸಣ್ಣ ವರ್ಚುವಲ್ ಮಷೀನ್ ಮಾಡಿ ಈಗಿರೋ ಸಿಸ್ಟಂಗಳನ್ನೇ ಓಡಿಸಿದ್ರೆ ಹೇಗೆ? ಎಡ್ವರ್ಡ್ ಬುನ್ಯೋ, ಸ್ಕಾಟ್ ಡಿವೈನ್ ಮತ್ತು ರೋಸೆನ್‌ಬ್ಲಮ್ 1997ರಲ್ಲಿ ಅದನ್ನು ಪ್ರಕಟಿಸಿದ್ರು. ಹೆಸರು ಡಿಸ್ಕೋ. ಅವರು ಅಳೆದ ಪ್ರೋಗ್ರಾಮುಗಳಲ್ಲಿ ವರ್ಚುವಲೈಸೇಷನ್‌ನಿಂದ ಆದ ನಿಧಾನ 3ರಿಂದ 16 ಪರ್ಸೆಂಟ್ ಮಾತ್ರ.

ಫ್ಲ್ಯಾಶ್ ಇನ್ನೂ ಬಂದಿರಲಿಲ್ಲ ಅಂದೆನಲ್ಲ. ಹಾಗಾದ್ರೆ ಡಿಸ್ಕೋವನ್ನು ಎಲ್ಲಿ ಕಟ್ಟಿ, ಎಲ್ಲಿ ಅಳೆದ್ರು? ಸಿಮ್‌ಓಎಸ್ ಒಳಗೆ! ಆಧುನಿಕ ವರ್ಚುವಲೈಸೇಷನ್ ಹುಟ್ಟಿದ ಮನೆ ಸಿಮ್ಯುಲೇಟರ್. ಟೈಟಲ್ಲಿನ ಮಗಳು ಯಾರು ಅಂತ ಈಗ ಗೊತ್ತಾಯ್ತಲ್ಲ.

ಭಾಗ 5: ಸದ್ದಿಲ್ಲದ ಮೊಳೆ

1998ರಲ್ಲಿ ಇದೇ ಗುಂಪಿನವರು ಡಯಾನ್ ಗ್ರೀನ್, ಎಲೆನ್ ವಾಂಗ್ ಜೊತೆ ಸೇರಿ ವಿಎಂವೇರ್ ಕಂಪನಿ ಶುರು ಮಾಡಿದ್ರು. ಗುರಿ, ನಮ್ಮ ನಿಮ್ಮ ಪಿಸಿಯಲ್ಲಿರೋ ಎಕ್ಸ್86 ಪ್ರೊಸೆಸರ್.

ತೊಂದರೆ ಏನಂದ್ರೆ ಎಕ್ಸ್86 ಬಾಡಿಗೆ ಮನೆಯ ನಿಯಮ ಪಾಲಿಸ್ತಾ ಇರಲಿಲ್ಲ. ಕೆಲವು ಇನ್‌ಸ್ಟ್ರಕ್ಷನ್ ಮೊಳೆ ಹೊಡೆದ್ರೂ ಸದ್ದೇ ಆಗಲ್ಲ. ಪಾಪ್‌ಎಫ್ ಅಂತ ಒಂದಿದೆ. ಇಂಟರಪ್ಟ್ ಆನ್ ಆಫ್ ಮಾಡೋ ಬಿಟ್ಟನ್ನು ಅದು ಬದಲಿಸಬಹುದು. ಅಧಿಕಾರ ಇಲ್ಲದ ಮೋಡಲ್ಲಿ ಅದನ್ನು ಓಡಿಸಿದ್ರೆ ಪ್ರೊಸೆಸರ್ ತಡೆಯಲ್ಲ, ಓನರನ್ನೂ ಕರೆಯಲ್ಲ, ಬದಲಾವಣೆಯನ್ನು ಸುಮ್ಮನೆ ನುಂಗಿಬಿಡುತ್ತೆ. ಒಳಗಿರೋ ಆಪರೇಟಿಂಗ್ ಸಿಸ್ಟಂ ಕೆಲಸ ಆಯ್ತು ಅಂದ್ಕೊಳ್ಳುತ್ತೆ, ಆಗಿರಲ್ಲ. ಪೆಂಟಿಯಂನಲ್ಲಿ ಇಂಥ 17 ಇನ್‌ಸ್ಟ್ರಕ್ಷನ್ ಇವೆ ಅಂತ 2000ದಲ್ಲಿ ರಾಬಿನ್ ಮತ್ತು ಅರ್ವಿನ್ ಪಟ್ಟಿ ಮಾಡಿದ್ರು.

ವಿಎಂವೇರ್ ಕಂಡುಕೊಂಡ ದಾರಿ, ಆಪರೇಟಿಂಗ್ ಸಿಸ್ಟಂನ ಕೋಡ್ ಓಡೋಕೆ ಮುಂಚೆ ಅದನ್ನು ಓದಿ, ತೊಂದರೆಯ ಇನ್‌ಸ್ಟ್ರಕ್ಷನ್ ತೆಗೆದು ಬೇರೆ ಕೋಡ್ ಕೂರಿಸೋದು. ಎಂಬ್ರಾದಲ್ಲಿ ಬಳಸಿದ ಅನುವಾದದ ಐಡಿಯಾಗೆ ಇದು ಹತ್ತಿರದ ಸಂಬಂಧಿ.

ಜನ ಬಳಸೋಕೆ ಶುರು ಮಾಡಿದ ಮೇಲೆ ಪ್ರೊಸೆಸರ್ ಕಂಪನಿಗಳೇ ಮನೆ ರಿಪೇರಿಗೆ ಇಳಿದವು. 2005ರ ನವೆಂಬರಲ್ಲಿ ಇಂಟೆಲ್‌ನ ವಿಟಿ-ಎಕ್ಸ್ ಬಂತು, 2006ರಲ್ಲಿ ಎಎಂಡಿಯ ಎಎಂಡಿ-ವಿ. ಅತಿಥಿ ಸಿಸ್ಟಂಗೆ ಪ್ರೊಸೆಸರಲ್ಲೇ ಒಂದು ಬೇರೆ ಮೋಡ್ ಕೊಟ್ರು. ಮೊಳೆ ಹೊಡೆದ್ರೆ ಖಂಡಿತ ಸದ್ದಾಗುತ್ತೆ.

ಎಲ್ಲ ಒಂದೇ ದಿನದಲ್ಲಿ ಸರಿಹೋಯ್ತು ಅಂದ್ಕೋಬೇಡಿ. 2006ರಲ್ಲಿ ವಿಎಂವೇರ್‌ನ ಕೀತ್ ಆಡಮ್ಸ್ ಮತ್ತು ಓಲೆ ಆಗೆಸೆನ್ ಎರಡನ್ನೂ ಹೋಲಿಸಿ ನೋಡಿದ್ರೆ, ಹೊಸ ಹಾರ್ಡ್‌ವೇರ್ ಸಹಾಯಕ್ಕಿಂತ ಹಳೇ ಸಾಫ್ಟ್‌ವೇರ್ ಅನುವಾದವೇ ಎಷ್ಟೋ ಕಡೆ ಫಾಸ್ಟ್ ಇತ್ತು! ಪ್ರತಿ ಸಲ ಓನರ್ ಮೆಟ್ಟಿಲು ಹತ್ತಿ ಬಂದು ಇಳಿದು ಹೋಗೋ ಖರ್ಚು ಅಷ್ಟಿತ್ತು. ಮುಂದೆ ಮೆಮೊರಿ ವಿಳಾಸದ ಲೆಕ್ಕವನ್ನೂ ಹಾರ್ಡ್‌ವೇರೇ ನೋಡಿಕೊಳ್ಳೋಕೆ ಶುರು ಮಾಡಿದ ಮೇಲೆ ಓನರ್ ಬರೋದು ಕಮ್ಮಿ ಆಯ್ತು.

ಭಾಗ 6: ಒಂದು ಫೈಲ್

ಇದು ಸಣ್ಣ ಭಾಗ, ಆದ್ರೆ ನನ್ನ ದೃಷ್ಟಿಯಲ್ಲಿ ಕಥೆ ತಿರುಗಿದ್ದು ಇಲ್ಲೇ.

2006ರ ಕೊನೆಯಲ್ಲಿ ಕುಮ್ರಾನೆಟ್ ಅನ್ನೋ ಕಂಪನಿಯ ಆವಿ ಕಿವಿಟಿ ಲಿನಕ್ಸ್‌ಗೆ ಕೆವಿಎಂ ಬರೆದು ಕಳಿಸಿದ್ರು. 2007ರ ಫೆಬ್ರವರಿಯಲ್ಲಿ ಅದು ಲಿನಕ್ಸ್ 2.6.20ರ ಜೊತೆ ಬಂತು. ಅಲ್ಲಿವರೆಗೆ ಹೈಪರ್‌ವೈಸರ್ ಅಂದ್ರೆ ದೊಡ್ಡ ಸರಕು. ಕೆವಿಎಂ ಅದನ್ನು ಒಂದು ಫೈಲ್ ಮಾಡಿಬಿಡ್ತು. ಯಾವ ಸಾಮಾನ್ಯ ಪ್ರೋಗ್ರಾಮ್ ಬೇಕಾದ್ರೂ ಆ ಫೈಲ್ ಓಪನ್ ಮಾಡಿ, ಇಷ್ಟು ಮೆಮೊರಿ, ಇಲ್ಲಿಂದ ಓಡು ಅನ್ನಬಹುದು. ಪ್ರೊಸೆಸರ್ ಅತಿಥಿ ಕೋಡನ್ನು ಪೂರ್ತಿ ವೇಗದಲ್ಲಿ ಓಡಿಸಿ, ಡಿಸ್ಕೋ ಸ್ಕ್ರೀನೋ ಬೇಕಾದಾಗ ವಾಪಸ್ ಬಂದು, "ನನಗೆ ಇದು ಬೇಕು, ನೀನೇ ನೋಡ್ಕೋ" ಅನ್ನುತ್ತೆ.

ಸಿಮ್ಯುಲೇಟರ್ ಬರೆಯೋವ್ರಿಗೆ ಇನ್ನೇನು ಬೇಕು? ಡಿಸ್ಕ್, ಟೈಮರ್, ನೆಟ್‌ವರ್ಕ್ ಕಾರ್ಡಿನ ಮಾದರಿಗಳು ಅವರ ಹತ್ರ ಮೊದಲೇ ಇದ್ದವು. ಪ್ರೊಸೆಸರ್ ಮಾದರಿ ಇದ್ದ ಜಾಗದಲ್ಲಿ ಅಸಲಿ ಪ್ರೊಸೆಸರನ್ನೇ ಕೂರಿಸಿದ್ರಾಯ್ತು. ಸ್ವೀಡನ್ನಿನಲ್ಲಿ ಹುಟ್ಟಿದ ಸಿಮಿಕ್ಸ್ ಸಿಮ್ಯುಲೇಟರ್ ಕೂಡ ಇಂಟೆಲ್ ವಿಟಿ ಬಳಸಿ ಎಕ್ಸ್86 ಕೋಡನ್ನು ನೇರವಾಗಿ ಓಡಿಸೋಕೆ ಶುರು ಮಾಡ್ತು. ಆಂಡ್ರಾಯ್ಡ್ ಎಮ್ಯುಲೇಟರಿಗೆ ಈ ಸೌಲಭ್ಯ ಬಂದಿದ್ದು 2012ರಲ್ಲಿ. ಭಾಗ 1ರ ಎರರ್ ಬಂದಿದ್ದು ಅದರಿಂದಲೇ.

ಭಾಗ 7: ಮೊದಲ ದೋಸೆ ಯಾಕೆ ಸರಿ ಬರಲ್ಲ

ಈಗ ನಮ್ಮ ಸಿಮ್ಯುಲೇಟರ್, ಜೆಮ್5. ಮಿಷಿಗನ್‌ನ ಎಂ5, ವಿಸ್ಕಾನ್ಸಿನ್‌ನ ಜೆಮ್ಸ್ ಎರಡೂ ಸೇರಿ ಆಗಿದ್ದು. 2011ರಲ್ಲಿ ಬಂದ ಅದರ ಪೇಪರಿಗೆ 16 ಲೇಖಕರು. ಅದರಲ್ಲೊಬ್ಬರು ಅರ್ಕಪ್ರವ ಬಸು, ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಪ್ರಾಧ್ಯಾಪಕರಾಗಿ ಬಂದ್ರು.

ಜೆಮ್5ಗೆ ಕೆವಿಎಂ ಜೋಡಿಸಿದ್ದು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಸ್ಯಾಂಡ್‌ಬರ್ಗ್. ಅವರೂ ಅವರ ಜೊತೆಗಾರರೂ 2015ರಲ್ಲಿ ಪ್ರಕಟಿಸಿದ ಪೇಪರನ್ನು ನಾನು ಮೂರು ಸಲ ಓದಿದೆ.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದ್ರೆ ಸಾಕು, ಇಡೀ ಪಾತ್ರೆ ತಿನ್ನಬೇಕಿಲ್ಲ. ಸಿಮ್ಯುಲೇಷನ್ನಿನಲ್ಲೂ ಹಾಗೇ. 2002ರ ಸಿಮ್‌ಪಾಯಿಂಟ್, 2003ರ ಸ್ಮಾರ್ಟ್ಸ್ ಅನ್ನೋ ಎರಡು ಕೆಲಸಗಳು ಇದನ್ನು ತೋರಿಸಿಕೊಟ್ಟಿದ್ದವು. ಪ್ರೋಗ್ರಾಮಿನ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಮಾತ್ರ ವಿವರವಾಗಿ ಅಳೆದು ಒಟ್ಟಾರೆ ವೇಗ ಹೇಳಬಹುದು. ಆದ್ರೆ ಒಂದು ಅಗುಳಿಂದ ಇನ್ನೊಂದು ಅಗುಳಿಗೆ ಹೋಗೋಕೂ ಸಿಮ್ಯುಲೇಟರಲ್ಲೇ ನಡೀಬೇಕಿತ್ತು. ಸಮಯ ಹೋಗ್ತಿದ್ದದ್ದೇ ಆ ದಾರಿಯಲ್ಲಿ. ಸ್ಯಾಂಡ್‌ಬರ್ಗ್ ಆ ದಾರಿಗೆ ಕೆವಿಎಂ ಹಾಕಿದ್ರು. ಅಸಲಿ ಯಂತ್ರದ ವೇಗದ ಸರಾಸರಿ 90 ಪರ್ಸೆಂಟ್ ಸಿಕ್ತು.

ಹಾಗಾದ್ರೆ ಮುಗೀತಾ? ಇಲ್ಲ. ದೋಸೆ ಹುಯ್ದು ಗೊತ್ತಿರೋವ್ರಿಗೆ ಗೊತ್ತು, ಮೊದಲ ದೋಸೆ ಕಾವಲಿಗೆ ಅಂಟಿಕೊಳ್ಳುತ್ತೆ. ಹಿಟ್ಟು ಚೆನ್ನಾಗೇ ಇರುತ್ತೆ, ಕಾವಲಿ ಕಾದಿರಲ್ಲ ಅಷ್ಟೇ. ಕ್ಯಾಶ್ ಕೂಡ ಕಾವಲಿ ಥರ. ಪ್ರೋಗ್ರಾಮ್ ಓಡ್ತಾ ಓಡ್ತಾ ಬೇಕಾದ ಡೇಟಾ ಅದರೊಳಗೆ ಸೇರಿ "ಕಾಯುತ್ತೆ". ಕೆವಿಎಂನಲ್ಲಿ ಓಡಿದ್ದೆಲ್ಲ ಅಸಲಿ ಪ್ರೊಸೆಸರಿನ ಕ್ಯಾಶ್‌ಗೆ ಹೋಗಿರುತ್ತೆ. ಸಿಮ್ಯುಲೇಟರಿನ ಮಾದರಿ ಕ್ಯಾಶ್ ಏನೂ ನೋಡಿರಲ್ಲ, ತಣ್ಣಗಿರುತ್ತೆ. ತಕ್ಷಣ ಅಳೆದ್ರೆ ಎಲ್ಲ ಚಿಪ್ಪೂ ಕೆಟ್ಟದ್ದು ಅಂತಲೇ ಬರುತ್ತೆ. ವೇಗ ಸಿಕ್ಕಿದ್ದೇ ನೋಡೋದನ್ನು ಬಿಟ್ಟಿದ್ರಿಂದ, ಈಗ ನೋಡದೇ ಇದ್ದಿದ್ದಕ್ಕೆ ಬೆಲೆ ಕೊಡಬೇಕು.

ಅದಕ್ಕೆ ಪ್ರತಿ ಅಳತೆಗೆ ಮುಂಚೆ ಸ್ವಲ್ಪ ಹೊತ್ತು ಮಾದರಿ ಕ್ಯಾಶ್ ಕಾಯಿಸಬೇಕು. ಎಷ್ಟು ಹೊತ್ತು? ಅವರ ಉಪಾಯ ಇದು. ಕ್ಯಾಶ್‌ನ ಯಾವ ಭಾಗ ಇನ್ನೂ ಕಾದಿಲ್ಲವೋ ಅಲ್ಲಿ ಡೇಟಾ ಸಿಗದಿದ್ರೆ, ಒಂದು ಸಲ "ನಿಜವಾಗಿಯೂ ಇರಲಿಲ್ಲ" ಅಂತ ಲೆಕ್ಕ ಹಾಕೋದು, ಇನ್ನೊಂದು ಸಲ "ಕಾದಿದ್ರೆ ಇರ್ತಿತ್ತು" ಅಂತ. ಒಂದು ಅನುಮಾನದ ಉತ್ತರ, ಒಂದು ಭರವಸೆಯ ಉತ್ತರ. ಎರಡೂ ಹತ್ತಿರ ಬಂದ್ರೆ ಕಾದಿದ್ದು ಸಾಕು. ದೂರ ಇದ್ರೆ ಇನ್ನೂ ಕಾಯಿಸಿ. ತನ್ನ ತಪ್ಪು ಎಷ್ಟಿರಬಹುದು ಅಂತ ತಾನೇ ಹೇಳೋ ಸಿಮ್ಯುಲೇಟರ್!

ಇನ್ನೊಂದು ಉಪಾಯ ನಾವು ಆಪರೇಟಿಂಗ್ ಸಿಸ್ಟಂ ಲ್ಯಾಬಲ್ಲಿ ಬರೆದ ಫೋರ್ಕ್ ಕಾಲ್. ಅಳೀಬೇಕಾದ ಜಾಗ ಬಂದಾಗ ಸಿಮ್ಯುಲೇಟರ್ ತನ್ನನ್ನೇ ಫೋರ್ಕ್ ಮಾಡುತ್ತೆ. ಮಗು ಪ್ರೊಸೆಸ್ ಇನ್ನೊಂದು ಕೋರ್ ಮೇಲೆ ಕೂತು ನಿಧಾನವಾಗಿ ಅಳೆಯುತ್ತೆ, ತಾಯಿ ಪ್ರೊಸೆಸ್ ನಿಲ್ಲದೆ ಮುಂದೆ ಓಡುತ್ತೆ. ಹೀಗೆ ಸೆಕೆಂಡಿಗೆ ಸರಾಸರಿ 200 ಕೋಟಿ ಇನ್‌ಸ್ಟ್ರಕ್ಷನ್, ತಪ್ಪು ಸರಾಸರಿ 2.2 ಪರ್ಸೆಂಟ್. 8 ಕೋರ್ ಬಳಸಿದಾಗ, ಅತಿ ಚೆನ್ನಾಗಿ ಓಡಿದ ಕಡೆ, ವಿವರವಾದ ಸಿಮ್ಯುಲೇಷನ್ನಿಗಿಂತ 19,000 ಪಟ್ಟು ವೇಗ. ವೈವಾದಲ್ಲಿ "ಫೋರ್ಕ್ ಯಾಕೆ ಬೇಕು" ಅಂತ ಕೇಳಿದಾಗ ನಾನು ಹೇಳಿದ ಉತ್ತರ ನೆನೆಸ್ಕೊಂಡ್ರೆ ಈಗ ನಾಚಿಕೆ ಆಗುತ್ತೆ.

ಭಾಗ 8: ಆಗದೇ ಇರೋದು, ಮತ್ತು ನಮ್ಮ ರನ್

ಮಗಳು ತವರಿಗೆ ಬಂದಳು ಅಂತ ಎಲ್ಲ ಕೆಲಸ ಅವಳೇ ಮಾಡ್ತಾಳೆ ಅಂದ್ಕೋಬೇಡಿ.

ಮೊದಲನೆಯದು, ಒಳಗಿರೋ ಯಂತ್ರ, ಹೊರಗಿರೋ ಯಂತ್ರ ಒಂದೇ ಇನ್‌ಸ್ಟ್ರಕ್ಷನ್ ಭಾಷೆಯವು ಆಗಿರಬೇಕು. ಎಕ್ಸ್86 ಲ್ಯಾಪ್‌ಟಾಪ್ ಮೇಲೆ ರಿಸ್ಕ್-ವಿ ಚಿಪ್ ಸಿಮ್ಯುಲೇಟ್ ಮಾಡ್ತಿದ್ರೆ ಕೆವಿಎಂ ಉಪಯೋಗಕ್ಕೆ ಬರಲ್ಲ, ಅನುವಾದದ ದಾರಿಯೇ ಗತಿ. ಪಕ್ಕದ ಟೀಮಿನವರು ರಿಸ್ಕ್-ವಿ ತಗೊಂಡಿದ್ದಾರೆ, ದಯವಿಟ್ಟು ನನ್ನನ್ನು ಬೈಬೇಡಿ. ಎರಡನೆಯದು, ಕೆವಿಎಂನಲ್ಲಿ ಓಡಿದ ಭಾಗದಲ್ಲಿ ಅಳೆದ ಸಮಯಕ್ಕೆ ಅರ್ಥ ಇಲ್ಲ. ಅದು ನಿಮ್ಮ ಲ್ಯಾಪ್‌ಟಾಪಿನ ಸಮಯ, ನೀವು ಕನಸು ಕಂಡ ಚಿಪ್ಪಿನದ್ದಲ್ಲ. ಆ ನಂಬರನ್ನು ರಿಪೋರ್ಟಲ್ಲಿ ಹಾಕ್ಬೇಡಿ. ಮೂರನೆಯದು ನನಗೆ ತಲೆನೋವು ತಂದಿದ್ದು: ಪ್ರತಿ ರನ್ನೂ ಸ್ವಲ್ಪ ಬೇರೆ ಥರ ಓಡುತ್ತೆ. ಬರೀ ಸಿಮ್ಯುಲೇಟರಲ್ಲಿ ಒಂದೇ ಬಗ್ ನೂರು ಸಲ ಅದೇ ಜಾಗದಲ್ಲಿ ಬರುತ್ತೆ. ಕೆವಿಎಂ ಸೇರಿದ ಮೇಲೆ ಹಾಗೆ ನಂಬೋಕಾಗಲ್ಲ.

ಟ್ರೈ ಮಾಡೋವ್ರಿಗೆ: ನಿಮ್ಮ ಯೂಸರನ್ನು ಕೆವಿಎಂ ಗ್ರೂಪಿಗೆ ಸೇರಿಸಿ. ಲಿನಕ್ಸ್‌ನ ಪರ್ಫ್ ಕೌಂಟರ್ ಓದೋ ಅನುಮತಿಯೂ ಬೇಕು, ಎಷ್ಟು ಇನ್‌ಸ್ಟ್ರಕ್ಷನ್ ಓಡಿತು ಅಂತ ಜೆಮ್5 ಅದರಿಂದಲೇ ಎಣಿಸೋದು. ವರ್ಚುವಲ್‌ಬಾಕ್ಸ್ ಒಳಗೆ ಲಿನಕ್ಸ್ ಹಾಕಿಕೊಂಡಿದ್ರೆ ವರ್ಚುವಲೈಸೇಷನ್ ಒಳಗೆ ವರ್ಚುವಲೈಸೇಷನ್ ಆಗುತ್ತೆ, ಅದಕ್ಕೆ ಬೇರೆ ಸೆಟ್ಟಿಂಗ್ ಇದೆ. ನನ್ನ ಸಲಹೆ, ಡ್ಯುಯಲ್ ಬೂಟ್ ಮಾಡಿ.

ನಮ್ಮ ಲ್ಯಾಬಿನ ಸಿಸ್ಟಂಗಳಲ್ಲಿ ವಿಟಿ ಆಫ್ ಇತ್ತು. ಆನ್ ಮಾಡೋಣ ಅಂದ್ರೆ ಬಯೋಸ್‌ಗೆ ಪಾಸ್‌ವರ್ಡ್, ಅದನ್ನು ಹಾಕಿದವರು ಕೆಲಸ ಬಿಟ್ಟು ಹೋಗಿದ್ರು. ಕೊನೆಗೆ ನನ್ನ ಲ್ಯಾಪ್‌ಟಾಪಲ್ಲೇ ಹಾಕಿದ್ವಿ. ಎರಡು ದಿನ ಬೂಟ್ ಆಗದೇ ಇದ್ದ ಅದೇ ಲಿನಕ್ಸ್, ಕ್ಯಾಂಟೀನಿಂದ ಟೀ ತರೋಷ್ಟರಲ್ಲಿ ಲಾಗಿನ್ ಕೇಳ್ತಾ ಕೂತಿತ್ತು.

ಸ್ಯಾಂಡ್‌ಬರ್ಗ್ ಅವರ ಎರಡು ಉತ್ತರದ ಉಪಾಯವನ್ನು ಪೂರ್ತಿ ಬರೆಯೋಷ್ಟು ಟೈಮ್ ನಮಗಿಲ್ಲ. ಬಡವರ ಮನೆಯ ಉಪಾಯ ಮಾಡ್ಕೊಂಡಿದ್ದೀವಿ, ಪ್ರತಿ ಸ್ಯಾಂಪಲ್ಲನ್ನೂ ಕಡಿಮೆ ಕಾಯಿಸಿ ಒಂದು ಸಲ, ಜಾಸ್ತಿ ಕಾಯಿಸಿ ಒಂದು ಸಲ ಓಡಿಸಿ ಹೋಲಿಸೋದು. ಇವತ್ತು ಬೆಳಗ್ಗೆ ನೋಡಿದಾಗ 41ನೇ ಸ್ಯಾಂಪಲ್ ಮುಗಿದಿತ್ತು. ಎರಡು ಉತ್ತರಗಳ ನಡುವೆ ಅಂತರ ಇನ್ನೂ ಜಾಸ್ತಿ ಇದೆ. ಕಾವಲಿ ಇನ್ನೂ ಕಾಯಬೇಕು, ರಿವ್ಯೂ ಗುರುವಾರ.

#ಕಂಪ್ಯೂಟರ್_ಇತಿಹಾಸ #ಕನ್ನಡದಲ್ಲಿ_ಟೆಕ್ #ಫೈನಲ್_ಇಯರ್_ಪ್ರಾಜೆಕ್ಟ್